ಅತ್ತಿಗೆಯ ತಾಳಿ, ಅತ್ತಿಗೆಯ ಮನೆ

ಮದುವೆ ಮನೆಗಳಲ್ಲಿ ಊಟಕ್ಕೆ ಕೂತಾಗ ನಮ್ಮ ಅತ್ತಿಗೆಯನ್ನು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಏನಮ್ಮ, ಡೈವೋರ್ಸ್ ಆಗೋಯ್ತಂತೆ?” ಅತ್ತಿಗೆ ಎಲೆಯಿಂದ ತಲೆ ಎತ್ತದೆ “ಇಲ್ಲ” ಅನ್ನುತ್ತಾಳೆ. “ಹಂಗಾದ್ರೆ ಮತ್ತೆ ಒಂದಾದ್ರಾ?” ಅದಕ್ಕೂ “ಇಲ್ಲ.” ಕೇಳಿದವರು ಹಪ್ಪಳ ಮುರಿಯುವುದನ್ನು ಬಿಟ್ಟು ಅವಳ ಕೊರಳನ್ನೇ ನೋಡುತ್ತಾರೆ. ಕೊರಳಲ್ಲಿ ತಾಳಿ ಇರುತ್ತದೆ. ಪಕ್ಕದ ಎಲೆಯಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತದೆ.

ಗಂಡನನ್ನು ಬಿಟ್ಟು ಬೇರೆ ಇದ್ದಾಳೆ, ಆದರೂ ಅವನ ಹೆಂಡತಿಯೇ. ಇದು ಅವರ ತಲೆಗೆ ಹೋಗುವುದಿಲ್ಲ. ಹೋಗದಿದ್ದರೆ ಸುಮ್ಮನೆ ಹೋಳಿಗೆ ತಿನ್ನಬಹುದಲ್ಲ, ತಿನ್ನುವುದಿಲ್ಲ. ಅದಕ್ಕೇ ಒಮ್ಮೆ ಎಲ್ಲವನ್ನೂ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ. ಅತ್ತಿಗೆಯ ಹೆಸರು ಆದಿಲಕ್ಷ್ಮಮ್ಮ. ಅವಳ ಗಂಡ ಕದಿರೇಶ ನನ್ನ ಒಡಹುಟ್ಟಿದ ಅಣ್ಣ. ನಾನು ಅನಸೂಯಮ್ಮ, ಊರಿನ ಅಂಗನವಾಡಿ ಟೀಚರು. ಗಂಡನ ತಂಗಿಯಾದವಳು ಅತ್ತಿಗೆಯ ಪರವಾಗಿ ಬರೆಯುವುದು ಲೋಕರೂಢಿಯಲ್ಲ ಎಂದು ನನಗೂ ಗೊತ್ತು. ಆದರೆ ಕಷ್ಟದಲ್ಲಿ ನನಗೆ ಅನ್ನ ಹಾಕಿದ್ದು ಲೋಕವಲ್ಲ, ಅತ್ತಿಗೆ.

ನಮ್ಮೂರು ಮಾಲೂರಿನಿಂದ ಮಾಸ್ತಿಗೆ ಹೋಗುವ ದಾರಿಯಲ್ಲಿದೆ. ನಮ್ಮ ಜನ ತಲೆತಲಾಂತರದಿಂದ ಹೂವು, ಸೊಪ್ಪು ಬೆಳೆಯುವವರು. ಅತ್ತಿಗೆ ಮುಳಬಾಗಿಲು ಕಡೆಯವಳು, ಕುರುಡುಮಲೆಯ ಪಕ್ಕದ ಹಳ್ಳಿ. ಮದುವೆಯಾಗಿ ಬಂದಾಗ ಅವಳ ಕನ್ನಡದಲ್ಲಿ ಅರ್ಧಕ್ಕರ್ಧ ತೆಲುಗು. ಯಾರು ಏನೇ ಅಂದರೂ “ಪೋನೀಲೇ” ಅನ್ನುತ್ತಿದ್ದಳು, ಹೋಗಲಿ ಬಿಡು ಅಂತ. ಅಮ್ಮ ಬೈದರೆ ಪೋನೀಲೇ, ಸೇವಂತಿಗೆಗೆ ಹುಳ ಬಿದ್ದರೆ ಪೋನೀಲೇ. ಈ ಪೋನೀಲೇ ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಅಣ್ಣನ ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಬೇಕೆಂದು ಅಮ್ಮ ನನಗೆ ತಾಕೀತು ಮಾಡಿದ್ದಳು. ಅತ್ತಿಗೆಯೇ ನಕ್ಕು, ನೀನು ಅಂದರೆ ಸಾಕು ಅಂದಳು. ಅಂದಿನಿಂದ ನಾವಿಬ್ಬರೂ ನೀನು, ನಾನು.

ನನ್ನ ಗಂಡ ಲಾರಿ ಅಪಘಾತದಲ್ಲಿ ಹೋದ. ಗಂಡನ ಮನೆಯವರು ನನ್ನ ಮುಖ ನೋಡದ ಹಾಗೆ ಓಡಾಡತೊಡಗಿದರು. ಕೈಕೂಸು ಅನಿತಳನ್ನು ಎತ್ತಿಕೊಂಡು ತವರಿನ ಹೊಸ್ತಿಲ ಮುಂದೆ ಬಂದು ನಿಂತೆ. ಅಣ್ಣ ಒಳಗೆ ಬಾ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ, ಬೀಡಿ ಹಚ್ಚಿದ. ಅತ್ತಿಗೆ ಹಟ್ಟಿಯಿಂದ ಬಂದವಳು ಸಗಣಿ ಕೈಯನ್ನು ತೊಟ್ಟಿಯಲ್ಲಿ ಅದ್ದಿ ತೊಳೆದು, ಮಗುವನ್ನು ನನ್ನ ಕಂಕುಳಿಂದ ಕಿತ್ತುಕೊಂಡಳು. “ಹಿಂದಿನ ರೂಮು ನಿನ್ನೆನೇ ಗುಡಿಸಿಟ್ಟಿದೀನಿ. ಯಾಕಿಷ್ಟು ತಡ ಮಾಡ್ದೆ?” ಅಂದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕು ಎಂದು ನನ್ನ ಬೆನ್ನು ಹತ್ತಿದವಳೂ ಅವಳೇ. ಈವತ್ತು ನನಗೆ ಸ್ವಂತದ್ದೊಂದು ಪುಟ್ಟ ಮನೆ, ಊರಲ್ಲಿ ಟೀಚರಮ್ಮ ಅನ್ನುವ ಹೆಸರು ಇದ್ದರೆ ಅದು ಅವಳ ಪುಣ್ಯ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಇನ್ನು ಅಣ್ಣನ ವಿಷಯ. ನಮ್ಮೂರ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರದ ಹುಣ್ಣಿಮೆಗೆ ಹೊರಡುವ ದ್ರೌಪದಮ್ಮನ ಕರಗವನ್ನು ಹೊರುವುದು ನಮ್ಮ ಮನೆತನದ ಹಕ್ಕು. ತಾತ ಹೊತ್ತ, ಅಪ್ಪ ಹೊತ್ತ, ಅಪ್ಪನ ನಂತರ ಅಣ್ಣ. ಹೊರುವವನಿಗೆ ಹೆಂಡತಿ ಇರಲೇಬೇಕು. ವ್ರತ ಹಿಡಿದ ದಿನ ಹೆಂಡತಿ ತನ್ನ ತಾಳಿಯನ್ನೂ ಬಳೆಯನ್ನೂ ಬಿಚ್ಚಿ ಕೊಡುತ್ತಾಳೆ. ಅವನು ಅದನ್ನೇ ತೊಟ್ಟು, ಸೀರೆ ಉಟ್ಟು, ಮಲ್ಲಿಗೆಯ ಕರಗವನ್ನು ತಲೆಯ ಮೇಲೆ ಹೊರುತ್ತಾನೆ. ಆ ದಿನಗಳಲ್ಲಿ ಹೆಂಡತಿ ಅವನ ಕಣ್ಣಿಗೆ ಬೀಳಬಾರದು, ಅವಳೂ ಅವನನ್ನು ನೋಡಬಾರದು. ಬರಿಗೊರಳಿನಲ್ಲಿ ಬೇರೆಯವರ ಮನೆಯಲ್ಲಿ ಇರಬೇಕು. ಎಲ್ಲ ಮುಗಿದ ಮೇಲೆ ಗುಡಿಯ ಮುಂದೆ ಅವನು ಅವಳಿಗೆ ಮತ್ತೆ ತಾಳಿ ಕಟ್ಟುತ್ತಾನೆ. ನಮ್ಮಲ್ಲಿ ಗಂಡ ಹೆಂಡಿರು ವರ್ಷಕ್ಕೊಮ್ಮೆ ಬಿಟ್ಟು ವರ್ಷಕ್ಕೊಮ್ಮೆ ಕೂಡುವುದು ಹೀಗೆ.

ವ್ರತದ ದಿನಗಳಲ್ಲಿ ಅಣ್ಣ ಹೆಂಡ ಮುಟ್ಟುವುದಿಲ್ಲ, ಏರುದನಿಯಲ್ಲಿ ಮಾತಾಡುವುದಿಲ್ಲ. ಉಳಿದ ವರ್ಷವಿಡೀ ಆ ಎರಡನ್ನೂ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದ. ಊರು ಮಾತ್ರ ಅವನಿಗೆ ವರ್ಷಪೂರ್ತಿ ಕೈ ಮುಗಿಯುತ್ತಿತ್ತು. ಕೈ ಮುಗಿಯುವವರಿಗೇನು, ಮನೆಯಲ್ಲಿ ತಟ್ಟೆ ಹಾರಿ ಗೋಡೆಗೆ ಬಡಿಯುವ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ.

ಕರಗದ ದಿನಗಳಲ್ಲಿ ಅತ್ತಿಗೆ ನನ್ನ ಮನೆಗೆ ಬಂದಿರುತ್ತಿದ್ದಳು. ಬೇರೆ ಹೆಂಗಸಾಗಿದ್ದರೆ ಬೋಳು ಕೊರಳು ನೋಡಿಕೊಂಡು ಅಳುತ್ತಿದ್ದಳೋ ಏನೋ. ಇವಳು ಅನಿತಳ ಜೊತೆ ಚೌಕಾಬಾರ ಆಡುತ್ತಿದ್ದಳು, ನನ್ನ ಅಡುಗೆಗೆ ಉಪ್ಪಿಲ್ಲ ಹುಳಿಯಿಲ್ಲ ಎಂದು ಹೆಸರಿಡುತ್ತಿದ್ದಳು, ಮಧ್ಯಾಹ್ನ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ತಾಳಿ ಕಟ್ಟಿಸಿಕೊಳ್ಳುವ ದಿನ ಹತ್ತಿರ ಬಂದಂತೆ ಮಾತು ಕಡಿಮೆಯಾಗುತ್ತಿತ್ತು.

ಒಂದು ಆಷಾಢದ ಮಧ್ಯಾಹ್ನ, ಹೂವು ಬಿಡಿಸುವ ಹೊತ್ತಿನಲ್ಲಿ, ಕುಡಿದು ಬಂದ ಅಣ್ಣ ಅವಳನ್ನು ಪಂಪ್‌ಸೆಟ್ಟಿನ ತೊಟ್ಟಿಗೆ ನೂಕಿದ. ಕಾರಣ ಅವನಿಗೂ ಈಗ ನೆನಪಿಲ್ಲವಂತೆ. ಅವಳ ಬಲಗೈಯ ಮಣಿಕಟ್ಟು ಮುರಿಯಿತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗನವಾಡಿಗೆ ನಡೆದು ಬಂದಳು. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ಬಾಗಿಲಲ್ಲೇ ನಿಂತು, “ಕರಗ ಇನ್ನೂ ದೂರ ಐತೆ ಕಣೇ, ಆದ್ರೂ ಬಂದ್ಬಿಟ್ಟೆ” ಅಂದಳು. ಅವತ್ತು ಅವಳು ಪೋನೀಲೇ ಅನ್ನಲಿಲ್ಲ.

ಕೈಗೆ ಕಟ್ಟು ಹಾಕಿಸಿ, ಪೊಲೀಸರಿಗೂ ತಿಳಿಸಿ, ಕೊನೆಗೆ ನಾನು ಅವಳನ್ನು ಕೋಲಾರಕ್ಕೆ ವಕೀಲರ ಹತ್ತಿರ ಕರೆದುಕೊಂಡು ಹೋದೆ. ವಕೀಲರು ಮುಬಶ್ಶಿರಾ ಮೇಡಂ, ಚಿಕ್ಕ ವಯಸ್ಸಿನವರು. ಅವರ ಮನೆಯವರು ಕೋಲಾರದಲ್ಲಿ ರೇಷ್ಮೆ ವ್ಯಾಪಾರದವರು. ಕೂತ ತಕ್ಷಣ ನಾನು, “ಡೈವೋರ್ಸ್ ಬೇಕು ಮೇಡಂ, ಬೇಗ ಬೇಕು” ಅಂದೆ. ಅವರು ನನ್ನ ಕಡೆ ನೋಡಿ, “ಯಾರಿಗೆ, ನಿಮಗಾ?” ಅಂದರು. ನಾನು ಬಾಯಿ ಮುಚ್ಚಿದೆ. ನನ್ನ ಬಾಯಿ ಮುಚ್ಚಿಸಿದವರು ಬಹಳ ಜನ ಇಲ್ಲ, ಅದಕ್ಕೇ ಆ ಮೇಡಂ ಮೇಲೆ ನನಗೆ ಅವತ್ತೇ ಗೌರವ ಹುಟ್ಟಿತು.

ಅವರು ಅತ್ತಿಗೆಯ ಕಡೆ ತಿರುಗಿ, “ನಿಮಗೆ ಏನು ಬೇಕಮ್ಮ?” ಅಂದರು.

ಅತ್ತಿಗೆ ಎಡಗೈಯಲ್ಲಿ ತಾಳಿ ಹಿಡಿದುಕೊಂಡಳು. ಆಮೇಲೆ ಅಂದಳು: “ಆ ಮನೇಲಿ ಇರಕ್ಕಾಗಲ್ಲಮ್ಮ. ಜೀವ ಹೋದ್ರೂ ಸರಿ, ಇರಲ್ಲ. ಆದ್ರೆ ಡೈವೋರ್ಸು ಅಂದ್ರೆ ಈ ತಾಳಿ ಸುಳ್ಳಾಗುತ್ತೆ ಅಲ್ವಾ? ಅದು ಬ್ಯಾಡ. ಇದು ಬರೀ ಅವರು ಕಟ್ಟಿದ ತಾಳಿ ಅಲ್ಲ. ದ್ರೌಪದಮ್ಮನ ಮೈಮೇಲೆ ಹೋಗಿ ಬಂದಿರೋದು.”

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮೇಡಂಗೆ ಅನ್ನಿಸಲಿಲ್ಲ. ಕರಗದ ಪದ್ಧತಿಯನ್ನು ಕೇಳಿ ಕೇಳಿ ತಿಳಿದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

“ಕಾನೂನಲ್ಲಿ ಇನ್ನೊಂದು ದಾರಿ ಇದೆ. ಜುಡಿಷಿಯಲ್ ಸೆಪರೇಷನ್ ಅಂತಾರೆ, ನ್ಯಾಯಾಂಗ ಬೇರ್ಪಡೆ. ಮದುವೆ ಹಾಗೇ ಇರುತ್ತೆ, ಮುರಿಯಲ್ಲ. ಆದ್ರೆ ಜೊತೇಲಿ ಬಾಳಬೇಕು ಅನ್ನೋ ಕಟ್ಟುಪಾಡು ಹೋಗುತ್ತೆ. ಬಾ ಅಂತ ಅವರು ಒತ್ತಾಯ ಮಾಡೋ ಹಾಗಿಲ್ಲ. ನಿಮ್ಮ ಒಪ್ಪಿಗೆ ಇಲ್ದೆ ಮೈ ಮುಟ್ಟಿದರೆ ಅದು ಅಪರಾಧ. ಜೀವನಾಂಶ ಕೇಳಬಹುದು. ಹೆಂಡತಿ ಅನ್ನೋ ಹಕ್ಕು ಉಳಿಯುತ್ತೆ. ಇಬ್ಬರಲ್ಲಿ ಯಾರೂ ಬೇರೆ ಮದುವೆ ಮಾತ್ರ ಆಗೋ ಹಾಗಿಲ್ಲ.”

“ಆಮೇಲೆ ಮನಸ್ಸು ಬದಲಾದ್ರೆ?” ಅಂದೆ ನಾನು. ಸುಮ್ಮನಿರಲು ಆಗಲಿಲ್ಲ.

“ಎರಡು ಕಡೆಗೂ ಬಾಗಿಲಿದೆ. ಒಂದಾಗ್ತೀವಿ ಅಂದ್ರೆ ಕೋರ್ಟಿಗೆ ಹೇಳಿ ಆರ್ಡರ್ ತೆಗೆಸಬಹುದು. ಒಂದು ವರ್ಷ ಕಳೆದ್ರೂ ಒಟ್ಟಿಗೆ ಬಾಳಲಿಲ್ಲ ಅಂದ್ರೆ ಇಬ್ಬರಲ್ಲಿ ಯಾರು ಬೇಕಾದ್ರೂ ಡೈವೋರ್ಸ್ ಕೇಳಬಹುದು. ಕೇಳಲೇಬೇಕು ಅಂತ ಏನಿಲ್ಲ. ಆದ್ರೆ ಒಂದು ಮಾತು, ಇದೂ ಸುಮ್ಮನೆ ಸಿಗಲ್ಲ. ಅವರು ಏನು ಮಾಡಿದ್ರು ಅಂತ ಡೈವೋರ್ಸಿಗೆ ತೋರಿಸೋ ಹಾಗೇ ಇಲ್ಲೂ ತೋರಿಸಬೇಕು.”

ಅತ್ತಿಗೆ ಕಟ್ಟು ಹಾಕಿದ ಕೈಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅವಳ ಮುಖದಲ್ಲಿ ಏನೋ ಬೆಳಗಿತು. “ಓ, ಕರಗದ ದಿನಗಳ ಥರ. ಹೆಂಡ್ತಿ ಅನ್ನೋದೂ ಹೌದು, ಬೇರೆ ಇರೋದೂ ಹೌದು. ನಂಗಿದು ಗೊತ್ತಿರೋದೇ” ಅಂದಳು.

ಮುಬಶ್ಶಿರಾ ಮೇಡಂ ನಕ್ಕುಬಿಟ್ಟರು. ಬಸ್ಸಿನಲ್ಲಿ ಬರುವಾಗ ನಾನು ಅತ್ತಿಗೆಯ ಜೊತೆ ಜಗಳವಾಡಿದೆ. ಕೈ ಮುರಿದವನ ಹೆಸರನ್ನು ಕೊರಳಲ್ಲಿ ಹೊತ್ತು ತಿರುಗುವುದು ಯಾವ ಸುಖಕ್ಕೆ ಎಂದು ಕೇಳಿದೆ. ನಾನಾಗಿದ್ದರೆ ಅವನ ಮುಖದ ಮೇಲೆ ಬಿಸಾಕಿ ಬರುತ್ತಿದ್ದೆ ಅಂದೆ. ಅವಳು ಕಿಟಕಿಯಾಚೆ ನೋಡುತ್ತಾ, “ನೀನಾಗಿದ್ರೆ ಬಿಸಾಕು. ನಾನು ನಾನು ಕಣೇ” ಅಂದಳು. ನನ್ನ ಮನಸ್ಸು ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಯಾರಿಗೆ ಏನು ಬೇಕೋ ಅದನ್ನು ಅವರೇ ಹೇಳಬೇಕು, ಅದನ್ನು ಆ ಮೇಡಂ ನನಗೆ ಕಲಿಸಿದರು. ಅವರಿಗೆ ನಾನು ಋಣಿ.

ಕೇಸು ನಡೆಯಿತು. ಅಣ್ಣ ವಕೀಲರನ್ನು ಇಟ್ಟನಾದರೂ ಹೆಚ್ಚು ಎದುರಾಡಲಿಲ್ಲ. ಆಸ್ಪತ್ರೆಯ ಕಾಗದವನ್ನು ಓದಿದಾಗ ತಲೆ ತಗ್ಗಿಸಿ ನಿಂತಿದ್ದನಂತೆ. ಬೇರ್ಪಡೆಯ ಆದೇಶ ಬಂತು. ಅತ್ತಿಗೆ ನಮ್ಮ ಬೀದಿಯ ತುದಿಯಲ್ಲಿ ಬಾಡಿಗೆಗೆ ಮನೆ ಹಿಡಿದಳು. ಪಕ್ಕದಲ್ಲೇ ಗುತ್ತಿಗೆಗೆ ಭೂಮಿ ಮಾಡಿ ಸೇವಂತಿಗೆ, ಕನಕಾಂಬರ ಹಾಕಿದಳು. ಅವಳ ಮಗಳು ರಂಜಿತ ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದವಳು ರಜೆಗೆ ಬಂದರೆ ಅಮ್ಮನ ಮನೆಯಲ್ಲಿ ಉಳಿದು, ಅಪ್ಪನನ್ನು ಹೋಗಿ ಮಾತಾಡಿಸಿ ಬರುತ್ತಿದ್ದಳು. ಅಣ್ಣ ಕುಡಿತ ಬಿಟ್ಟೆ ಎಂದು ಊರೆಲ್ಲ ಹೇಳಿಕೊಂಡು ಓಡಾಡಿದ. ನಿಜವೋ ಸುಳ್ಳೋ ಎಂದು ಅತ್ತಿಗೆ ವಿಚಾರಿಸಲು ಹೋಗಲಿಲ್ಲ. ವರ್ಷ ಕಳೆದರೂ ಡೈವೋರ್ಸ್ ಕೇಳಲು ಇಬ್ಬರೂ ಹೋಗಲಿಲ್ಲ.

ಆ ನಡುವೆ ಬಂದ ಕರಗಗಳನ್ನು ನಮ್ಮ ದಾಯಾದಿ ಉಮೇಶ್ ಹೊತ್ತಿದ್ದ. ಒಮ್ಮೆ ಅಮ್ಮ ತೀರಿಕೊಂಡು ವರ್ಷ ತುಂಬದ ಸೂತಕ, ಇನ್ನೊಮ್ಮೆ ಅಣ್ಣನಿಗೆ ಕಾಮಾಲೆ. ಈ ವರ್ಷವೂ ಅಣ್ಣ ಹೊರದಿದ್ದರೆ ಹಕ್ಕು ಉಮೇಶನ ಮನೆಗೇ ಹೋಗುತ್ತದೆ ಎಂದು ಹಿರಿಯರು ತೀರ್ಮಾನಿಸಿದರು. ಹೋದ ಯುಗಾದಿಯ ಮುಂಚೆ ಕುಲದ ಯಜಮಾನರಾದ ಕೋದಂಡರಾಮಪ್ಪನವರು ಅತ್ತಿಗೆಯ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನಾನೂ ಅಲ್ಲೇ ಹೂವು ಕಟ್ಟುತ್ತಿದ್ದೆ.

“ನೋಡಮ್ಮ ಆದಿಲಕ್ಷ್ಮಮ್ಮ, ಕೋರ್ಟು ಗೀರ್ಟು ಎಲ್ಲ ನಿಮ್ಮ ನಿಮ್ಮದು. ನಾನು ಅದಕ್ಕೆ ಬಂದಿಲ್ಲ. ನಿನ್ನ ತಾಳಿ ಇಲ್ದೆ ಕದಿರೇಶ ಕರಗ ಹೊರಂಗಿಲ್ಲ. ಕೊಡ್ತೀಯಾ?” ಅಂದರು.

ಅತ್ತಿಗೆ ಒಂದು ಕ್ಷಣವೂ ತಡೆಯಲಿಲ್ಲ. “ಕೊಡ್ತೀನಿ ಯಜಮಾನ್ರೇ. ದ್ರೌಪದಮ್ಮನಿಗೆ ಇಲ್ಲ ಅಂತೀನಾ?” ಅಂದಳು. ಅವರು ಕೈ ಮುಗಿದು ಎದ್ದರು. ಕೊಡಬೇಡ ಎಂದು ನಾನು ಕಣ್ಣಲ್ಲಿ ಮಾಡಿದ ಸನ್ನೆಯೆಲ್ಲ ನೀರಲ್ಲಿ ಹೋಮವಾಯಿತು.

ವ್ರತ ಹಿಡಿದ ದಿನ ನಾನೇ ಅವಳ ತಾಳಿ, ಬಳೆಗಳನ್ನು ತಟ್ಟೆಯಲ್ಲಿಟ್ಟು ಗುಡಿಗೆ ಒಯ್ದು ಕೊಟ್ಟೆ. ಅವಳು ಎಂದಿನಂತೆ ನನ್ನ ಮನೆಗೆ ಬಂದಳು. ಆಮೇಲೆ ನಿಜ ಸಂಗತಿ ಹೊರಬಿತ್ತು. ಅಂಗನವಾಡಿಗೆ ಮಗುವನ್ನು ಬಿಡಲು ಬಂದ ತಾಯಂದಿರು ನನ್ನನ್ನು ನೋಡಿ ನಗತೊಡಗಿದರು. “ಏನು ಟೀಚರಮ್ಮ, ಅತ್ತಿಗೆನ ಮನೆ ತುಂಬಿಸ್ಕೊಳಕ್ಕೆ ತಯಾರಿ ಜೋರಂತೆ!” ನನಗೆ ಏನೂ ಅರ್ಥವಾಗಲಿಲ್ಲ. ಮಧ್ಯಾಹ್ನ ಅಣ್ಣನ ಮನೆಯ ಕಡೆ ಹೋಗಿ ನೋಡಿದರೆ ಗೋಡೆಗೆ ಸುಣ್ಣ ಬಳಿದಿದ್ದಾರೆ, ಹೊಸ ಮಂಚ ಬಂದಿದೆ, ಬಾಗಿಲಿಗೆ ಕಟ್ಟಲು ಮಾವಿನ ಸೊಪ್ಪು ಹೇಳಿದ್ದಾರೆ. ಅಣ್ಣ ಗುಡಿಯಲ್ಲಿದ್ದ, ವ್ರತದಲ್ಲಿ. ಇದೆಲ್ಲ ಹಿರಿಯರ ಕೆಲಸ.

ನಾನು ನೇರ ಕೋದಂಡರಾಮಪ್ಪನವರ ಮನೆಗೆ ಹೋದೆ. ಅವರು ನನ್ನನ್ನು ಕೂರಿಸಿ, ಕಾಫಿ ಕೊಡಿಸಿ, ಮಗುವಿಗೆ ಅ ಆ ಹೇಳಿಕೊಡುವ ಹಾಗೆ ಹೇಳಿದರು: “ಅಲ್ಲಮ್ಮ ಅನಸೂಯ, ಹಳೇ ಮದುವೆ ಮೇಲೆ ಕೋರ್ಟು ಆರ್ಡರ್ ಹಾಕ್ತು. ಈಗ ಗುಡಿ ಮುಂದೆ, ಊರ ಮುಂದೆ, ಹೊಸದಾಗಿ ತಾಳಿ ಕಟ್ತಾನೆ. ಹೊಸ ಮದುವೆ ಆದ್ಮೇಲೆ ಹಳೇ ಆರ್ಡರು ಎಲ್ಲಿರುತ್ತೆ? ತನ್ನಷ್ಟಕ್ಕೆ ತಾನೇ ಹೋಯ್ತು. ಅವಳು ಮನೆಗೆ ಬರಲೇಬೇಕು. ಒಳ್ಳೇದೇ ಆಯ್ತಲ್ಲ!”

ಇದನ್ನು ಅವರು ಕೆಟ್ಟತನದಿಂದ ಹೇಳಲಿಲ್ಲ, ಮನಸಾರೆ ನಂಬಿ ಹೇಳಿದರು. ಒಂದು ಸಂಸಾರ ಕೂಡಿಸಿದೆ ಎಂಬ ಸಂತೋಷ ಅವರ ಮುಖದಲ್ಲಿತ್ತು. ಕಾಫಿ ಮುಗಿಸದೆ ಎದ್ದು ಬಂದೆ. ನನ್ನೊಳಗೆ ಇನ್ನೊಂದು ಭಯ ಶುರುವಾಗಿತ್ತು. ಅವರ ಲೆಕ್ಕ ಸರಿಯಿದ್ದರೆ?

ಅತ್ತಿಗೆಗೆ ಹೇಳದೆ ಇರಲು ಆಗಲಿಲ್ಲ. ಕೇಳಿದವಳು ಗೋಡೆಗೆ ಒರಗಿ ಕುಸಿದು ಕೂತಳು. ಅವಳ ಕೈ ತಾನಾಗಿಯೇ ಬರಿ ಕೊರಳಿಗೆ ಹೋಯಿತು. ತಾಳಿ ವಾಪಸ್ಸು ಕೇಳುವ ಹಾಗಿಲ್ಲ, ವ್ರತ ಶುರುವಾಗಿಬಿಟ್ಟಿದೆ. ಕಟ್ಟಿಸಿಕೊಳ್ಳದೆ ಇರುವ ಹಾಗೂ ಇಲ್ಲ, ಕರಗ ಅರ್ಧಕ್ಕೆ ನಿಂತಂತಾಗುತ್ತದೆ. ಕಟ್ಟಿಸಿಕೊಂಡರೆ ಆ ಮನೆ. “ಅನಸೂಯಾ, ನಾನೇ ಕೈಯಾರೆ ಕೊಟ್ಬಿಟ್ನಲ್ಲೇ” ಎಂದು ಅತ್ತಳು. ಕೈ ಮುರಿದ ದಿನವೂ ಅವಳು ಅತ್ತಿರಲಿಲ್ಲ.

ಅವಳು ಮನೆಯಿಂದ ಹೊರಬರುವ ಹಾಗಿರಲಿಲ್ಲ. ಮರುದಿನ ನಾನೊಬ್ಬಳೇ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಮುಬಶ್ಶಿರಾ ಮೇಡಂ ಕೋರ್ಟಿನಿಂದ ಬರುವವರೆಗೆ ಕಾದು ಕೂತೆ. ಬಂದವರು ನಾನು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿ, ನೀರು ಕುಡಿಯಿರಿ ಅಂದರು.

“ನಿಮ್ಮ ಯಜಮಾನರಿಗೆ ಹೇಳಿ. ಮದುವೆ ಮುರಿದೇ ಇಲ್ಲ, ಹೊಸದಾಗಿ ಆಗೋದಕ್ಕೆ ಏನಿದೆ? ಗಂಡ ಹೆಂಡತಿಗೆ ಇನ್ನೊಂದು ಸಲ ತಾಳಿ ಕಟ್ಟಿದ ಮಾತ್ರಕ್ಕೆ ಕೋರ್ಟಿನ ಆರ್ಡರ್ ಹೋಗಲ್ಲ. ಅದು ದೇವರ ಕೆಲಸ, ಪದ್ಧತಿ. ಆದೇಶ ತೆಗೀಬೇಕಾದ್ರೆ ಕೋರ್ಟೇ ತೆಗೀಬೇಕು.”

ನನಗೆ ಜೀವ ಬಂದಂತಾಯಿತು. ಆದರೆ ಅವರು ಬೆರಳೆತ್ತಿ ನಿಲ್ಲಿಸಿದರು. “ಅಷ್ಟೇ ಅಲ್ಲ. ತಾಳಿ ಕಟ್ಟಿಸಿಕೊಂಡು ಆ ಮನೆಗೆ ಹೋಗಿ ಸಂಸಾರ ಶುರು ಮಾಡಿದ್ರೆ ಆಗ ಮಾತು ಬೇರೆ. ಮತ್ತೆ ಒಂದಾಗಿದ್ದಾರೆ ಅಂತ ನಾಳೆ ವಾದ ಮಾಡಬಹುದು. ಹೋಗಬೇಕು ಅಂತ ಅವರಿಗೆ ಇಷ್ಟ ಇದ್ರೆ ಸಂತೋಷವಾಗಿ ಹೋಗಲಿ. ಇಷ್ಟ ಅಂದ್ರೆ ಅವರ ಇಷ್ಟ, ಊರಿನ ಇಷ್ಟ ಅಲ್ಲ. ಬೇಡ ಅಂದ್ರೆ ಅವತ್ತೇ, ಅಲ್ಲೇ, ಬೇಡ ಅನ್ನಬೇಕು.” ಏನಾದರೂ ಗಲಾಟೆಯಾದರೆ ಫೋನ್ ಮಾಡಿ ಎಂದು ತಮ್ಮ ನಂಬರನ್ನು ಇನ್ನೊಮ್ಮೆ ಕೊಟ್ಟರು.

ಮನೆಗೆ ಬಂದು ಅಕ್ಷರ ಬಿಡದೆ ಒಪ್ಪಿಸಿದೆ. ಅತ್ತಿಗೆ ಮುಖ ತೊಳೆದುಕೊಂಡು ಬಂದಳು. “ಹಂಗಾದ್ರೆ ಊರ ಮುಂದೆ ಬಾಯಿ ಬಿಟ್ಟು ಹೇಳ್ಬೇಕಾಗಿರೋದು ನಾನೇ” ಅಂದಳು. ಅವಳು ನಾಲ್ಕು ಜನರ ಮುಂದೆ ಮಾತಾಡಿದವಳೇ ಅಲ್ಲ. ಕೋರ್ಟಿನಲ್ಲೂ ಜಡ್ಜ್ ಸಾಹೇಬರು ಎರಡೆರಡು ಸಲ ಜೋರಾಗಿ ಹೇಳಮ್ಮ ಅನ್ನಬೇಕಾಗಿತ್ತು.

“ನಾನು ಹೇಳ್ತೀನಿ ಬಿಡು, ಚೆನ್ನಾಗಿ ಹೇಳ್ತೀನಿ” ಅಂದೆ.

“ನೀನು ಹೇಳಿದ್ರೆ ಜಗಳ ಆಗುತ್ತೆ. ನೀನು ಸುಮ್ನೆ ನನ್ನ ಪಕ್ಕ ನಿಂತ್ಕೋ, ಸಾಕು.”

ಕರಗ ಸಾಂಗವಾಗಿ ಆಯಿತು. ಅಣ್ಣ ತಪ್ಪು ಹೆಜ್ಜೆ ಹಾಕದೆ ಊರು ಸುತ್ತಿ ಬಂದನಂತೆ. ನಾವು ನೋಡಲಿಲ್ಲ, ಬಾಗಿಲು ಹಾಕಿಕೊಂಡು ತಮಟೆಯ ಸದ್ದು ದೂರ ಹೋಗಿ ಹತ್ತಿರ ಬರುವುದನ್ನು ಕೇಳುತ್ತಾ ಕೂತಿದ್ದೆವು. ಹತ್ತಿರ ಬಂದಾಗ ಅತ್ತಿಗೆ ಕೂತಲ್ಲೇ ಕೈ ಮುಗಿದಳು. ಓಕುಳಿ ಮುಗಿದ ಮರುದಿನ ಬೆಳಿಗ್ಗೆ ತಾಳಿ ಕಟ್ಟುವ ಶಾಸ್ತ್ರ.

ಗುಡಿಯ ಮುಂದೆ ಜನ ತುಂಬಿದ್ದರು. ಸೇವಂತಿಗೆಯಿಂದ ಸಿಂಗರಿಸಿದ ಆಟೋ ಒಂದು ಪಕ್ಕದಲ್ಲಿ ನಿಂತಿತ್ತು. ಅದು ಯಾರಿಗೆ ಎಂದು ಕೇಳಬೇಕಾಗಿರಲಿಲ್ಲ. ಅಣ್ಣ ಇನ್ನೂ ಅರಿಶಿನದ ಸೀರೆಯಲ್ಲೇ ಇದ್ದ. ಕೈ ತುಂಬ ಅತ್ತಿಗೆಯ ಬಳೆ, ಕೊರಳಲ್ಲಿ ಅವಳ ತಾಳಿ. ಕಣ್ಣು ಗುಳಿ ಬಿದ್ದಿದ್ದವು, ಕುತ್ತಿಗೆ ಬಾತಿತ್ತು. ಅವನು ತಾಳಿ ತೆಗೆದು ಪೂಜಾರಿಯ ತಟ್ಟೆಯಲ್ಲಿಟ್ಟ. ಆಮೇಲೆ ಅತ್ತಿಗೆಯ ಕೊರಳಿಗೆ ಕಟ್ಟಿದ. ಅವಳು ತಲೆ ಬಾಗಿಸಿ ಕಟ್ಟಿಸಿಕೊಂಡಳು. ಜನ ಅಕ್ಷತೆ ಹಾಕಿದರು. ನಾನು ಹಾಕಲಿಲ್ಲ, ನನ್ನ ಮುಷ್ಟಿಯಲ್ಲಿ ಅಕ್ಕಿ ಬೆವರಿಗೆ ಅಂಟಿಕೊಂಡಿತ್ತು.

“ನಡೀರಿ, ನಡೀರಿ, ಮನೆ ತುಂಬಿಸ್ಕೊಳ್ಳೋಣ” ಎಂದು ಕೋದಂಡರಾಮಪ್ಪನವರು ಆಟೋದ ಕಡೆ ಕೈ ತೋರಿಸಿದರು.

ಅತ್ತಿಗೆ ಕದಲಲಿಲ್ಲ. ಬಾಯಿ ತೆರೆದಳು, ಮೊದಲ ಸಲ ಮಾತೇ ಹೊರಡಲಿಲ್ಲ. ನಾನು ಅವಳ ಬೆನ್ನಿಗೆ ಕೈಯಿಟ್ಟೆ. ಎರಡನೇ ಸಲ ಹೊರಟಿತು, ಗುಡಿಯ ಒಳಗಿದ್ದವರಿಗೂ ಕೇಳಿಸುವ ಹಾಗೆ.

“ಯಜಮಾನ್ರೇ, ತಾಳಿ ಅಮ್ಮನಿಗೆ ಕೊಟ್ಟಿದ್ದೆ, ಅಮ್ಮ ವಾಪಸ್ ಕೊಟ್ಟಿದ್ದಾಳೆ. ನಾನು ಇವರ ಹೆಂಡ್ತಿ, ಇಲ್ಲ ಅನ್ನಲ್ಲ. ಆದ್ರೆ ಆ ಮನೆಗೆ ಬರಲ್ಲ. ನನ್ನ ಮನೆ ಅಲ್ಲೈತೆ, ಅಲ್ಲಿಗೆ ಹೋಗ್ತೀನಿ. ಕೋರ್ಟು ಹೇಳಿದ್ದು ಹಂಗೇ ಐತೆ, ಹೋಗಿಲ್ಲ.”

ಗುಜುಗುಜು ಎದ್ದಿತು. ಯಾರೋ ಮುದುಕಿ, “ದೇವ್ರ ಮುಂದೆ ಇದೇನ್ ಮಾತು” ಅಂದಳು. ಕೋದಂಡರಾಮಪ್ಪನವರ ಮುಖ ಕೆಂಪಾಯಿತು. ಅವರು ಅಣ್ಣನ ಕಡೆ ತಿರುಗಿ, “ಏನ್ಲಾ ಕದಿರೇಶ, ನೋಡ್ತಾ ನಿಂತಿದೀಯ! ಕೈ ಹಿಡಿದು ಕರ್ಕೊಂಡು ನಡಿ. ಗಂಡ್ಸಲ್ವಾ ನೀನು?” ಅಂದರು.

ಸೀರೆಯುಟ್ಟು ಬಳೆ ತೊಟ್ಟು ನಿಂತಿದ್ದವನಿಗೆ ಈ ಮಾತು! ಬೇರೆ ಹೊತ್ತಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಅಣ್ಣ ಒಂದು ಹೆಜ್ಜೆ ಮುಂದೆ ಬಂದಿದ್ದ. ಆ ಕೈ ನನಗೆ ಗೊತ್ತು. ಅತ್ತಿಗೆಗೆ ನನಗಿಂತ ಚೆನ್ನಾಗಿ ಗೊತ್ತು. ಅವಳ ಬೆನ್ನು ನನ್ನ ಅಂಗೈ ಕೆಳಗೆ ಬಿಗಿಯಾಯಿತು.

ಅಣ್ಣ ಅವಳ ಬಲಗೈ ಮಣಿಕಟ್ಟನ್ನು ನೋಡಿದ. ಅಲ್ಲಿ ಮೂಳೆ ಸ್ವಲ್ಪ ಸೊಟ್ಟಗೇ ಕೂಡಿದೆ. ಆಮೇಲೆ ತನ್ನ ಕೈಯ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಅವಳಿಗೆ ಕೊಟ್ಟ, ಮುಟ್ಟದೆ, ಸೆರಗಿನ ಮೇಲೆ ಹಾಕಿದ.

“ಯಜಮಾನ್ರೇ,” ಅಂದ, ದನಿ ಒಡೆದಿತ್ತು, “ಅವಳು ಬರಲ್ಲ ಅಂದ್ಳಲ್ಲ, ಕೇಳಿಸಿಲ್ವಾ? ಅವಳು ತಾಳಿ ಕೊಟ್ಟಿದ್ದಕ್ಕೆ ಕರಗ ನಡೀತು. ಇನ್ನೇನು ಕೇಳೋದು ನಾವು? ಆಟೋ ಕಳ್ಸಿ.”

ಅತ್ತಿಗೆ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದಳು, ಪಕ್ಕದಲ್ಲಿ ನಾನು. ಅಣ್ಣ ಬರಿಗಾಲಲ್ಲಿ ಹಿಂದೆ ಹಿಂದೆ ಬಂದ. ಬೇಡ ಎಂದು ನಾನು ತಿರುಗಿ ಹೇಳಲಿದ್ದೆ, ಅತ್ತಿಗೆ ಕಣ್ಣಲ್ಲೇ ತಡೆದಳು. ಜನ ಬಾಗಿಲು ಬಾಗಿಲಲ್ಲಿ ನಿಂತು ನೋಡಿದರು. ಅವಳ ಮನೆ ಬಂದಾಗ ಅಣ್ಣ ಜಗಲಿಯ ಕೆಳಗೇ ನಿಂತ. ಅತ್ತಿಗೆ ಒಳಗಿನಿಂದ ಮಜ್ಜಿಗೆ ತಂದು ಜಗಲಿಯ ಅಂಚಿನಲ್ಲಿಟ್ಟಳು. ಅವನು ನಿಂತೇ ಕುಡಿದು ಲೋಟ ಇಟ್ಟ.

“ಉಪ್ಕಾರ ಆಯ್ತು” ಅಂದಳು ಅತ್ತಿಗೆ. ಕೈ ಮುರಿದವನಿಗೆ ಉಪಕಾರ ಹೇಳುತ್ತಾಳಲ್ಲ ಎಂದು ನನಗೆ ಒಂದು ಕ್ಷಣ ರೇಗಿತು. ಆಮೇಲೆ ತಿಳಿಯಿತು, ಅವಳು ಹಳೆಯದನ್ನು ಮನ್ನಿಸಿ ಹೇಳಿದ ಮಾತಲ್ಲ ಅದು. ಅವತ್ತು ಅವನು ಮಾಡಿದ್ದಕ್ಕೆ ಮಾತ್ರ, ಸರಿಯಾಗಿ ಅಷ್ಟಕ್ಕೆ ಮಾತ್ರ ಹೇಳಿದ್ದು. ನನಗೆ ಬಾರದ ಗುಣ ಅದು. ನನಗೆ ಕೃತಜ್ಞತೆ ಬಂದರೆ ಪೂರ್ತಿ ಬರುತ್ತದೆ, ಸಿಟ್ಟು ಬಂದರೂ ಪೂರ್ತಿ ಬರುತ್ತದೆ.

“ಉಪ್ಕಾರ ನಾನೇ ಹೇಳ್ಬೇಕು” ಅಂದ ಅಣ್ಣ.

ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿದಳು. ಅಗುಳಿ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಅಣ್ಣ ಆ ಸದ್ದು ಕೇಳುವವರೆಗೂ ನಿಂತಿದ್ದು, ಸೀರೆಯ ನಿರಿಗೆ ಎತ್ತಿಕೊಂಡು ಬೀದಿಗಿಳಿದು ತನ್ನ ಮನೆಯ ಕಡೆ ನಡೆದ. ನಾನು ಆ ಜಗಲಿಯ ಮೇಲೆ ಕೂತು ಮನಸ್ಸು ಹಗುರಾಗುವಷ್ಟು ಅತ್ತೆ. ಹೆಂಡತಿ ಒಳಗಿನಿಂದ ಹಾಕಿಕೊಂಡ ಬಾಗಿಲನ್ನು ಒದೆಯದೆ, ಕೂಗಾಡದೆ, ನಮ್ಮ ಮನೆತನದ ಗಂಡಸೊಬ್ಬ ಹಿಂದಿರುಗಿ ಹೋದದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.